ಹಾಳೆ ಲೆಕ್ಕ

ನಮ್ಮ ಮನೆಯ ಮಕ್ಕಳಿಗೆ ಮಾತು ಬರುವ ಮೊದಲೇ ಕಾಗದ ಮಡಿಸಲು ಬರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನ ಮಾತನ್ನು ಅರ್ಧ ಕಳೆದು ನಂಬಬೇಕು. ಆದರೂ ಇದರಲ್ಲಿ ಅಷ್ಟೇನೂ ಸುಳ್ಳಿರಲಿಲ್ಲ. ಅವರದು ಪುಸ್ತಕ ಕಟ್ಟುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲನ್ನು ಯಾರಾದರೂ ಮುಚ್ಚಿದ್ದು ನನಗೆ ನೆನಪಿಲ್ಲ. ಹಾಗಾಗಿ ಊಟಕ್ಕೂ ಅಂಟಿನ ವಾಸನೆ, ಹಾಸಿಗೆಗೂ ಅಂಟಿನ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂರುವವಳು ಮೂಗು ಮುರಿಯುತ್ತಿದ್ದಳು, ನಾನು ಅವಳ ಜಡೆ ಎಳೆಯುತ್ತಿದ್ದೆ. ಈಗ ಎಲ್ಲಾದರೂ ಹಿಟ್ಟಿನ ಅಂಟು ಕುದಿಯುವ ವಾಸನೆ ಬಂದರೆ ಸಾಕು, ಕೈಯಲ್ಲಿ ಎಷ್ಟೇ ಕೆಲಸವಿರಲಿ, ನಿಂತುಬಿಡುತ್ತೇನೆ.

ಅಂಗಡಿಯೆಂದರೆ ಒಂದೇ ಕೋಣೆ. ಬೀದಿಯ ಕಡೆಯ ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೂಲೆಯಲ್ಲಿ ತಿರುಪು ಬಿಗಿದು ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಗೋಡೆಗೆ ಒರಗಿಸಿದ ರಟ್ಟುಗಳು. ಮೇಜಿನ ಒಂದು ತುದಿಯಲ್ಲಿ ಅಪ್ಪ ದಬ್ಬಳ ಹಿಡಿದು ಹೊಲಿಯುತ್ತಿದ್ದರು, ಇನ್ನೊಂದು ತುದಿಯಲ್ಲಿ ಅಕ್ಕ ಮಡಿಸುತ್ತಿದ್ದಳು. ಅಮ್ಮ ಇದ್ದಾಗ ಆ ಜಾಗ ಅಮ್ಮನದು. ಅಮ್ಮ ತೀರಿಕೊಂಡ ವರ್ಷ ಅಕ್ಕ ಶಾಲೆ ಬಿಟ್ಟು ಅಮ್ಮನ ಸ್ಟೂಲಿನ ಮೇಲೆ ಕೂತಳು. "ಸ್ವಲ್ಪ ದಿನ ಅಷ್ಟೇ ಮಗಳೇ" ಎಂದು ಅಪ್ಪ ಹೇಳಿದ್ದರು. ಆ ಸ್ವಲ್ಪ ದಿನದಲ್ಲಿ ಅಕ್ಕ ಲಂಗ ಬಿಟ್ಟು ಸೀರೆ ಉಡುವವಳಾದಳು. ನಾನು ಅವರಿಬ್ಬರ ನಡುವೆ ಕೂತು ಶಾಲೆಯ ಪಾಠ ಬರೆಯುತ್ತಿದ್ದೆ, ಎರಡೂ ಕಡೆಯಿಂದ ಬೈಸಿಕೊಳ್ಳುತ್ತಿದ್ದೆ.

ಅಕ್ಕ ಮಡಿಸುವುದನ್ನು ನೋಡಬೇಕಿತ್ತು. ಅಗಲವಾದ ಕಾಗದ ಮೇಜಿನ ಮೇಲೆ ಬೀಳುತ್ತಿತ್ತು. ಒಮ್ಮೆ ಮಡಿಸಿ, ಮಡಿಕೆ ಕೂರಿಸುವ ಮೂಳೆಪಟ್ಟಿಯಿಂದ ಸರಕ್ಕನೆ ಉಜ್ಜುವುದು, ತಿರುಗಿಸುವುದು, ಮತ್ತೆ ಮಡಿಸುವುದು. ಕಣ್ಣು ಕಿಟಕಿಯ ಆಚೆ, ಬಾಯಿ ನನ್ನನ್ನು ಬೈಯುವುದರಲ್ಲಿ, ಕೈ ಮಾತ್ರ ಕಾಗದದ ಮೇಲೆ. "ಎಷ್ಟಾಯ್ತು?" ಎಂದು ಅಪ್ಪ ತಲೆಯೆತ್ತದೆ ಕೇಳುತ್ತಿದ್ದರು. "ಮೂವತ್ತೆರಡು" ಎನ್ನುತ್ತಿದ್ದಳು. ಮೂವತ್ತೆರಡು ಎಂದರೆ ಪುಟ. ನಮ್ಮ ಕಸುಬಿನಲ್ಲಿ ಎಲ್ಲವೂ ಪುಟದ ಲೆಕ್ಕವೇ. ಗಿರಾಕಿ ಬಂದು ನೂರು ಪುಟದ್ದು ಬೇಕು, ಇನ್ನೂರು ಪುಟದ್ದು ಬೇಕು ಎನ್ನುತ್ತಾನೆಯೇ ಹೊರತು ಇಷ್ಟು ಹಾಳೆಯದು ಬೇಕು ಎಂದು ಯಾರೂ ಕೇಳುವುದಿಲ್ಲ. ಕಾಗದವನ್ನು ಒಮ್ಮೆ ಮಡಿಸಿದರೆ ನಾಲ್ಕು ಪುಟ, ಎರಡು ಸಲ ಮಡಿಸಿದರೆ ಎಂಟು, ಮೂರು ಸಲಕ್ಕೆ ಹದಿನಾರು, ನಾಲ್ಕಕ್ಕೆ ಮೂವತ್ತೆರಡು. ಇದು ನಮಗೆ ಮಗ್ಗಿಯಲ್ಲ, ಉಸಿರಾಟ.

ಹೀಗಿರುವಾಗ ಸರ್ವೆ ಇಲಾಖೆಯ ನಕ್ಷೆಗಳು ನಮ್ಮ ಅಂಗಡಿಗೆ ಬಂದವು. ನಕ್ಷೆಯ ಹಿಂದೆ ತೆಳು ಬಟ್ಟೆ ಅಂಟಿಸಿಕೊಡುವ ಕೆಲಸ. ತಂದವರು ಒಬ್ಬ ಸರ್ವೆಯರಮ್ಮ. ಮಂಡಿಯವರೆಗೆ ಕೆಸರು, ಬಿಸಿಲಿಗೆ ಕಪ್ಪಾದ ಮುಖ, ಗಂಡಸಿನ ಚಪ್ಪಲಿ. ಅಕ್ಕ ನಕ್ಷೆಯ ಮೇಲೆ ಬೆರಳಿಟ್ಟು ಈ ಗೆರೆ ಏನು, ಆ ಚುಕ್ಕೆ ಏನು ಎಂದು ಕೇಳಿದ್ದೇ ಕೇಳಿದ್ದು. ಆಕೆಗೂ ಬೇಸರವಿರಲಿಲ್ಲ. ಹೋಗುವಾಗ, "ತರಬೇತಿ ಶಾಲೆ ಇದೆಯಮ್ಮ. ಓದು ಅರ್ಧಕ್ಕೆ ಬಿಟ್ಟವರೂ ಪರೀಕ್ಷೆ ಬರೀಬಹುದು. ಪಾಸಾದ್ರೆ ಸೇರಿಸ್ಕೋತಾರೆ. ವಯಸ್ಸು ಮಾತ್ರ ಮೀರಬಾರದು" ಎಂದರು. ಅಂದು ಅಕ್ಕ ಮಡಿಸಿದ ಕಾಗದಗಳಲ್ಲಿ ಕೆಲವು ಸೊಟ್ಟಗಾದವು. ಹಿಂದೆಂದೂ ಹಾಗಾದದ್ದಿಲ್ಲ.

ಎರಡು ಸಲ ಬರೆದಳು, ಎರಡು ಸಲವೂ ಗಣಿತದಲ್ಲಿ ಬಿದ್ದಳು. ಭಾಷೆ, ಸಾಮಾನ್ಯ ಜ್ಞಾನ, ಚಿತ್ರ ನೋಡಿ ಹೇಳುವುದು, ಎಲ್ಲದರಲ್ಲೂ ಮುಂದು. ಗಣಿತದಲ್ಲಿ ಮಾತ್ರ ದಡದ ಹತ್ತಿರ ಬಂದು ಮುಳುಗುವುದು. ಮೂರನೆಯದೇ ಕಡೆಯದು. ಅದಾದ ಮೇಲೆ ವಯಸ್ಸು ಮೀರುತ್ತದೆ, ಮತ್ತೆ ಜೀವಮಾನವಿಡೀ ಆ ಸ್ಟೂಲು. ಅಕ್ಕ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಹೇಳಿದರು, ಅದೂ ನನಗೆ. "ನಾನೇ ಶಾಲೆ ಬಿಡಿಸಿದ್ದು. ಈ ಸಲ ಅವಳು ಪಾಸಾಗ್ಲಿಲ್ಲ ಅಂದ್ರೆ ನನಗೆ ಆ ಮೇಜಿನ ಹತ್ರ ಕೂರೋಕಾಗಲ್ಲ ಕಣಮ್ಮ." ಅಪ್ಪ ಹಾಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆಗಲೇ. ನನಗೆ ಹೆದರಿಕೆಯಾಯಿತು.

ಎದುರು ಮನೆಯಲ್ಲಿ ಒಬ್ಬ ನಿವೃತ್ತ ಗಣಿತ ಮೇಷ್ಟ್ರಿದ್ದರು. ಹೊಟ್ಟೆಯೂ ದುಂಡಗೆ, ತಲೆಯೂ ದುಂಡಗೆ, ಮಕ್ಕಳಿಗೆ ಕೊಡುತ್ತಿದ್ದ ಅಂಕವೂ ದುಂಡಗೆ ಇರುತ್ತಿದ್ದುದರಿಂದ ಬೀದಿಗೆಲ್ಲ ಸೊನ್ನೆ ಮೇಷ್ಟ್ರು. ಹೆಸರಿಟ್ಟದ್ದು ಯಾರೋ, ಬೈಸಿಕೊಂಡದ್ದು ನಾನು. ಅಕ್ಕ ದಿನಾ ಬೆಳಿಗ್ಗೆ ಅವರ ಜಗುಲಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು, ಬಾಲದಂತೆ ನಾನೂ ಹೋಗುತ್ತಿದ್ದೆ. ಉಳಿದ ಲೆಕ್ಕಗಳೆಲ್ಲ ಹೇಗೋ ದಾರಿಗೆ ಬಂದವು. ಘಾತಾಂಕದ ಸಮೀಕರಣ ಬಂತೆಂದರೆ ಮಾತ್ರ ಅಕ್ಕನ ಮುಖ ಬಾಡುತ್ತಿತ್ತು. ಎರಡನ್ನು ಎಷ್ಟು ಸಲ ಗುಣಿಸಿದರೆ ಅರವತ್ತನಾಲ್ಕಾಗುತ್ತದೆ ಎಂಬುದನ್ನೇ ಆ ಪರೀಕ್ಷೆಯವರು ಎರಡರ ತಲೆಯ ಮೇಲೆ ಸಣ್ಣದಾಗಿ ಎಕ್ಸ್ ಕೂರಿಸಿ ಕೇಳುತ್ತಿದ್ದರು. ಅಂಥವು ಪತ್ರಿಕೆಯಲ್ಲಿ ಎಷ್ಟಿರುತ್ತಿದ್ದವೆಂದರೆ, ಅವನ್ನು ಬಿಟ್ಟು ಪಾಸಾಗುವ ಹಾಗಿರಲಿಲ್ಲ.

"ಕೆಳಗಿರೋದನ್ನ ಎರಡೂ ಕಡೆ ಒಂದೇ ಮಾಡ್ಕೋ. ಆಮೇಲೆ ಕೆಳಗಿರೋದನ್ನ ಮರೆತುಬಿಡು, ಮೇಲಿರೋದನ್ನ ಮಾತ್ರ ಹೋಲಿಸು. ಇಷ್ಟೇ ಇದರ ಗುಟ್ಟು" ಎಂದು ಮೇಷ್ಟ್ರು ನೂರು ಸಲ ಹೇಳಿದರು.

"ಮರೆಯೋದು ಹೇಗೆ ಮೇಷ್ಟ್ರೇ, ಅದು ಅಲ್ಲೇ ಇದೆಯಲ್ಲ" ಎನ್ನುತ್ತಿದ್ದಳು ಅಕ್ಕ. ಮೇಷ್ಟ್ರು ಹಣೆ ಚಚ್ಚಿಕೊಳ್ಳುತ್ತಿದ್ದರು.

ಅಕ್ಕ ಮನೆಗೆ ಬಂದು ಮುಖ ಊದಿಸಿಕೊಂಡು ಕಾಗದ ಮಡಿಸುತ್ತಿದ್ದಾಗ ಅಪ್ಪ ವಿಚಾರಿಸಿದರು. ನಾನು ಉಪ್ಪುಖಾರ ಹಚ್ಚಿ ಎಲ್ಲ ವರದಿ ಮಾಡಿದೆ. ಎರಡು, ಎರಡೆರಡ್ಲ ನಾಲ್ಕು, ಮತ್ತೆ ಎರಡ್ಲ ಎಂಟು ಎಂದು ಹೇಳುತ್ತಿದ್ದ ಹಾಗೆ ಅಪ್ಪನ ಹುಬ್ಬು ಮೇಲೇರಿತು.

"ಅಯ್ಯೋ, ಇದು ನಮ್ಮನೆ ವಿದ್ಯೆ ಅಲ್ಲವೇನೇ? ಮಡಿಸಿದ ಹಾಗೆಲ್ಲ ಎರಡರಷ್ಟು. ಎಷ್ಟು ಮಡಿಕೆ ಅಂತ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತೀಯ. ಅದೇ ಎಕ್ಸು" ಎಂದರು.

ಅಕ್ಕ ಮಡಿಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. ಬಹಳ ದಿನಗಳ ಮೇಲೆ ಅವಳ ಮುಖ ಅರಳಿತು. ಅಂದಿನಿಂದ ಆ ಮೇಜೇ ಪಾಠಶಾಲೆ. ಅಪ್ಪ ಹೊಲಿಯುತ್ತ ಒಂದು ಸಂಖ್ಯೆ ಎಸೆಯುವುದು, ಅಕ್ಕ ಗಾಳಿಯಲ್ಲೇ ಕೈಯಾಡಿಸಿ ಇಷ್ಟು ಮಡಿಕೆ ಎನ್ನುವುದು. ತಪ್ಪೇ ಇಲ್ಲ, ತಡವೇ ಇಲ್ಲ. ಅಪ್ಪ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಆ ದಿನಗಳಲ್ಲಿ ನಮ್ಮ ಅಂಗಡಿಯಲ್ಲಿ ಎಷ್ಟು ನಗು ಇತ್ತೆಂದರೆ, ಹಾದಿಹೋಕರು ಕಿಟಕಿಯಲ್ಲಿ ಇಣುಕುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಶಾಲೆಗೆ ಹೋಗುವವಳು ನಾನು, ಅಪ್ಪ ಪಾಠ ಹೇಳುತ್ತಿದ್ದುದು ಅವಳಿಗೆ.

ಮೇಷ್ಟ್ರು ಹಳೆಯ ಪತ್ರಿಕೆಯೊಂದರಿಂದ ಅಣಕು ಪರೀಕ್ಷೆ ಕೊಟ್ಟರು. ಅಸಲು ಪರೀಕ್ಷೆಯಂತೆಯೇ ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದುದರ ಮುಂದಿನ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು. ಅಕ್ಕ ನಗುನಗುತ್ತ ತುಂಬಿದಳು. ಘಾತಾಂಕದ್ದು ಒಂದೂ ಸರಿಯಿರಲಿಲ್ಲ.

ಎರಡರ ಮೇಲೆ ಎಷ್ಟು ಕೂತರೆ ಮೂವತ್ತೆರಡು? ಅಕ್ಕ ನಾಲ್ಕು ಎಂದಿದ್ದಳು. ಅರವತ್ತನಾಲ್ಕಕ್ಕೆ ಐದು ಎಂದಿದ್ದಳು. ಅವಳು ಬರೆದ ತಪ್ಪು ಉತ್ತರ ಆ ನಾಲ್ಕರಲ್ಲಿ ಪ್ರತಿ ಸಲವೂ ಹಾಜರಿರುತ್ತಿದ್ದುದರಿಂದ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಆ ಪತ್ರಿಕೆ ತೆಗೆದವರು ನಮ್ಮ ಮನೆಯನ್ನು ಹೊಕ್ಕು ನೋಡಿಕೊಂಡು ಹೋದಂತಿತ್ತು.

ಅದಕ್ಕಿಂತ ದೊಡ್ಡ ಜಗಳ ಇನ್ನೊಂದು ಪ್ರಶ್ನೆಗೆ ಆಯಿತು. ಎರಡರ ಮೇಲೆ ಎಷ್ಟು ಕೂತರೆ ಒಂದು? ಸೊನ್ನೆ ಎಂಬ ಉತ್ತರ ಅಲ್ಲೇ ಇತ್ತು. ಅಕ್ಕ ಯಾವುದನ್ನೂ ತುಂಬದೆ ಬಿಟ್ಟಿದ್ದಳು.

"ಯಾಕಮ್ಮ ಬಿಟ್ಟೆ?" ಎಂದರು ಮೇಷ್ಟ್ರು.

"ಒಂದು ಅಂತ ಆಗೋದೇ ಇಲ್ಲ ಮೇಷ್ಟ್ರೇ. ಪ್ರಶ್ನೆನೇ ತಪ್ಪು."

"ಸೊನ್ನೆ ಹಾಕಿದ್ರೆ ಆಗುತ್ತಲ್ಲ. ಯಾವ ಸಂಖ್ಯೆಗೇ ಆಗ್ಲಿ, ಮೇಲೆ ಸೊನ್ನೆ ಇಟ್ರೆ ಒಂದು."

"ಮಡಿಸದೇ ಇಟ್ರೂ ಎರಡು ಇರುತ್ತಲ್ವಾ? ಈ ಕಡೆ ಒಂದು, ಆ ಕಡೆ ಒಂದು. ಒಂದೇ ಪುಟ ಇರೋ ಕಾಗದ ಈ ಲೋಕದಲ್ಲಿ ಎಲ್ಲಿದೆ ತೋರಿಸಿ."

ಮೇಷ್ಟ್ರಿಗೆ ಪುಟ ಎಲ್ಲಿಂದ ಬಂತು ಎಂಬುದೇ ತಿಳಿಯಲಿಲ್ಲ. ಪಾಪ, ಅವರಿಗೂ ವಯಸ್ಸಾಗಿತ್ತು. ಅವರು ನಮ್ಮ ಅಂಗಡಿಗೇ ಬಂದು ಅಪ್ಪನ ಮುಂದೆ ಕೈ ಚೆಲ್ಲಿದರು. "ಹುಡುಗಿ ಜಾಣೆ. ಆದ್ರೆ ಈ ಲೆಕ್ಕ ಇವಳ ತಲೆಗೆ ಹತ್ತೋದಿಲ್ಲ ಅನ್ಸುತ್ತೆ. ನನ್ನನ್ನ ಬೈಕೋಬೇಡಿ" ಎಂದರು. ಅಕ್ಕ ಮೂಳೆಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದಳು. ಬಾಗಿಲಿಲ್ಲದಂತಿದ್ದ ಆ ಮನೆಯಲ್ಲಿ ಅಳುವುದಕ್ಕೂ ಮರೆಯಿರಲಿಲ್ಲ, ನಮಗೆಲ್ಲ ಕೇಳಿಸಿತು.

ಅಪ್ಪ ಆ ಉತ್ತರಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತರು. ಅದರಲ್ಲಿ ಒಂದು ಕಡೆ ನಾಲ್ಕರ ಮೇಲೆ ಎಕ್ಸ್ ಇಟ್ಟು ಅರವತ್ತನಾಲ್ಕು ಎಂದು ಕೊಟ್ಟಿದ್ದರು. ಅಕ್ಕ ಅಂಚಿನಲ್ಲಿ ಬರೆದು ಲೆಕ್ಕ ಹಾಕಿದ್ದಳು. ಅರವತ್ತನಾಲ್ಕಕ್ಕೆ ಐದು ಮಡಿಕೆ. ನಾಲ್ಕು ಎಂದರೆ ಎರಡನ್ನು ಎರಡು ಸಲ ಗುಣಿಸಿದ್ದು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು, ಹಾಗಾಗಿ ಐದನ್ನು ಎರಡರಿಂದ ಭಾಗಿಸಿದ್ದಳು. ಎರಡೂವರೆ.

"ಎರಡೂವರೆ ಮಡಿಕೆ" ಎಂದು ಅಪ್ಪ ತಮ್ಮಷ್ಟಕ್ಕೇ ಹೇಳಿಕೊಂಡರು. "ಅರ್ಧ ಮಡಿಕೆ ಯಾವ ಅಂಗಡೀಲಿದೆ?"

ಒಂದು ಕಾಗದ ತೆಗೆದುಕೊಂಡರು. ಐದು ಸಲ ಮಡಿಸಿ, ಅಂಚು ಕತ್ತರಿಸಿ, ಹೆಬ್ಬೆರಳಿನಿಂದ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಎಣಿಸಿದರು. ಮೂವತ್ತೆರಡು ಹಾಳೆ. ಅರವತ್ತನಾಲ್ಕಾಗುವುದು ಎರಡೂ ಬದಿ ಎಣಿಸಿದರೆ ಮಾತ್ರ. ನಾನು ಆ ಕ್ಷಣದ ಅವರ ಮುಖವನ್ನು ಮರೆತಿಲ್ಲ. ಎಷ್ಟೋ ಕಾಲ ಕಾಗದ ಮಡಿಸಿದ ಮನುಷ್ಯ, ತನ್ನ ಕೈಯೇ ತನಗೆ ಮೋಸ ಮಾಡಿದಂತೆ ಅದನ್ನು ತಿರುಗಿಸಿ ನೋಡಿಕೊಂಡರು.

"ಮಗಳೇ, ಹೊರಗೆ ಬಾ" ಎಂದು ಕರೆದರು. "ತಪ್ಪು ನಿನ್ನದಲ್ಲ, ನಂದು. ಮಡಿಸಿದ ಹಾಗೆಲ್ಲ ಎರಡರಷ್ಟಾಗೋದು ಹಾಳೆ. ನಾನು ನಿನಗೆ ಪುಟ ಹೇಳ್ಕೊಟ್ಟೆ. ಹಾಳೆ ಎಣಿಸು, ಎಲ್ಲ ಸರಿಹೋಗುತ್ತೆ. ಮಡಿಸದೇ ಇದ್ರೆ ಹಾಳೆ ಎಷ್ಟು?"

ಅಕ್ಕ ಮೂಗು ಒರೆಸಿಕೊಂಡು ಮೇಜಿನ ಮೇಲಿನ ಕಾಗದವನ್ನು ನೋಡಿದಳು. "ಒಂದು" ಎಂದಳು. ಆಮೇಲೆ ಮೆಲ್ಲಗೆ, "ಸೊನ್ನೆ ಮಡಿಕೆ, ಒಂದು ಹಾಳೆ. ಹಾಗಾದ್ರೆ ಮೇಷ್ಟ್ರು ಹೇಳಿದ್ದು ಸರಿ" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ತಿಳಿದರೆ ಸಾಕೆ, ಕೈ ಬಿಡಬೇಕಲ್ಲ. ಅಪ್ಪ "ಅರವತ್ತನಾಲ್ಕು" ಎಂದು ಎಸೆದರೆ ಅಕ್ಕನ ಬಾಯಿಂದ ಐದು ಎಂದೇ ಬರುತ್ತಿತ್ತು. ಆಮೇಲೆ ನಾಲಗೆ ಕಚ್ಚಿಕೊಂಡು ಆರು ಎನ್ನುವಳು. ಪರೀಕ್ಷೆಯ ಗಡಿಬಿಡಿಯಲ್ಲಿ ನಾಲಗೆ ಕಚ್ಚಿಕೊಳ್ಳಲು ಪುರುಸೊತ್ತೆಲ್ಲಿ? ಪರೀಕ್ಷೆ ಹತ್ತಿರ ಬಂದಿತ್ತು. ಅಪ್ಪ ಒಂದು ಬೆಳಿಗ್ಗೆ ಅಂಟಿನ ಬೋಗುಣಿಯನ್ನು ಕೆಳಗಿಟ್ಟು ಆಜ್ಞೆ ಹೊರಡಿಸಿದರು. "ಇವತ್ತಿನಿಂದ ಈ ಅಂಗಡೀಲಿ ಯಾರೂ ಪುಟ ಅನ್ನೋ ಮಾತು ಆಡಬಾರದು. ಎಲ್ಲ ಹಾಳೆ ಲೆಕ್ಕ. ನಾನೂ ಅಷ್ಟೇ."

ಅದೊಂದು ಕಾಲ. ಗಿರಾಕಿ ಇನ್ನೂರು ಪುಟದ್ದು ಎಂದರೆ ಅಪ್ಪ, "ನೂರು ಹಾಳೆ ಅನ್ನಿ" ಎಂದು ತಿದ್ದುತ್ತಿದ್ದರು. ನಾನು ಶಾಲೆಯ ಪುಸ್ತಕ ತೆರೆದು ಇಪ್ಪತ್ತನೇ ಪುಟ ಎಂದರೆ, "ಹತ್ತನೇ ಹಾಳೆಯ ಹಿಂದು" ಎನ್ನುತ್ತಿದ್ದರು. ಅಂಗಡಿಗೆ ಬಂದವರು ಇವರಿಗೇನಾಗಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮೇಷ್ಟ್ರು ಮಾತ್ರ ಜಗುಲಿಯಿಂದಲೇ ಕೂಗಿ ಕೇಳಿದರು. "ಎಲ್ಲ ಸರಿ, ಮೂರರ ಮೇಲೆ ಎಕ್ಸ್ ಕೊಟ್ರೆ ಏನ್ಮಾಡ್ತೀರಿ? ಮೂರು ಪಾಲಾಗಿ ಮಡಿಸ್ತೀರಾ?"

"ಮೂರು ಪಾಲಾಗಿ ಮಡಿಸಿದ್ರೆ ಪುಸ್ತಕ ಆಗಲ್ಲ, ಕರಪತ್ರ ಆಗುತ್ತೆ" ಎಂದರು ಅಪ್ಪ. "ಎರಡೇ ಜಾಸ್ತಿ ಕೇಳೋದು. ನೀವೇ ಕೊಟ್ಟ ಹಳೇ ಪತ್ರಿಕೆಗಳನ್ನ ನೋಡಿದೀನಿ."

ಆಸ್ಪತ್ರೆಯೊಂದರ ಗುಮಾಸ್ತರು ಒಂದು ರಾಶಿ ರಿಜಿಸ್ಟರುಗಳನ್ನು ಹೇಳಿಹೋಗಿದ್ದರು. ಅರವತ್ತನಾಲ್ಕು ಪುಟದವು. ಅಪ್ಪನ ಕಿವಿಗೆ ಆಗ ಪುಟವೆಂಬ ಪದ ಇಳಿಯುತ್ತಲೇ ಇರಲಿಲ್ಲ. ಅರವತ್ತನಾಲ್ಕು ಹಾಳೆ ಎಂದೇ ಅಕ್ಕನಿಗೆ ಕೂಗಿದರು, ಅಕ್ಕ ಮಡಿಸಿದಳು, ಅಪ್ಪ ಹೊಲಿದರು. ಕಾಗದದ ಸಂಗ್ರಹ ಅರ್ಧ ದಾರಿಯಲ್ಲೇ ಮುಗಿದರೂ ಇಬ್ಬರಿಗೂ ಹೊಳೆಯಲಿಲ್ಲ. ಗುಮಾಸ್ತರು ಬಂದು ಒಂದನ್ನು ಕೈಗೆತ್ತಿಕೊಂಡು ತೂಗಿ ನೋಡಿದರು.

"ಏನ್ರೀ ಇದು, ದಿಂಬು ಮಾಡಿಟ್ಟಿದೀರ. ಇದನ್ನ ಡ್ರಾಯರ್‌ನಲ್ಲಿ ಇಡೋದು ಹೇಗೆ?"

ಅಪ್ಪ ರಿಜಿಸ್ಟರನ್ನು ಬಿಡಿಸಿದರು, ಮುಚ್ಚಿದರು, ಅಕ್ಕನ ಕಡೆ ನೋಡಿದರು. ಲೆಕ್ಕ ತಪ್ಪಿದ ಪುಸ್ತಕ ಆ ಅಂಗಡಿಯಿಂದ ಎಂದೂ ಹೊರಗೆ ಹೋದದ್ದಿರಲಿಲ್ಲ. ನಾನು ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. "ತೆಳ್ಳಗಿನದರ ದುಡ್ಡೇ ಕೊಟ್ಟು ದಪ್ಪದ್ದು ತಗೊಂಡು ಹೋಗಿ ಸ್ವಾಮಿ. ನಮ್ಮನೇಲಿ ಪರೀಕ್ಷೆ ಇದೆ" ಎಂದರು. ಅಕ್ಕ ನಗಲಿಲ್ಲ. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಇದ್ದದ್ದೇನೆಂದು ಆಗ ನನಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಅವಳ ಜೊತೆಗೆ ಹೋದವಳು ನಾನು. ಒಂದು ದೊಡ್ಡ ಕಟ್ಟಡ, ಕಾಂಪೌಂಡಿನ ಹೊರಗೆ ಕಾಯುವವರ ಗುಂಪು. ಒಳಗೆ ಹೋದವರೆಲ್ಲ ಅಕ್ಕನಿಗಿಂತ ಚಿಕ್ಕವರು, ಹೊಸ ಪೆನ್ಸಿಲು ಹಿಡಿದವರು. ಅಕ್ಕ ತಿರುಗಿ ನೋಡದೆ ಹೋದಳು. ನಾನು ಕಟ್ಟೆಯ ಮೇಲೆ ಕೂತು ನನಗೆ ಗೊತ್ತಿದ್ದ ದೇವರನ್ನೆಲ್ಲ ಬೈದುಕೊಂಡು ಕಾದೆ. ಇವಳೇನಾದರೂ ಬಿದ್ದರೆ ಇಬ್ಬರ ಮುಖವನ್ನೂ ದಿನಾ ನೋಡಬೇಕಾದವಳು ನಾನೇ ತಾನೇ?

ಹೊರಗೆ ಬಂದಾಗ ಅವಳ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಬೀದಿಯ ತಿರುವು ದಾಟಿದೆವು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಒಂದು ಹಾಳೆನೂ ಎಣಿಸ್ಲಿಲ್ಲ ಕಣೆ" ಎಂದಳು.

ನಾನು ಅವಳ ಕೈ ಜಗ್ಗಿದೆ. "ಹಾಗಂದ್ರೆ?"

"ಎರಡೇ ಬರಲಿಲ್ಲ. ಮೂರು, ಐದು, ಒಂಬತ್ತು. ಬರದೇ ಇದ್ದಿದ್ದೇ ಒಳ್ಳೇದಾಯ್ತು. ಬಂದಿದ್ರೂ ಹಾಳೆ ಎಣಿಸ್ತಿರಲಿಲ್ಲ. ನನ್ನ ಕೈಯಿಂದ ಪುಟದ ಲೆಕ್ಕ ಹೋಗಲ್ಲ ಅಂತ ನನಗೆ ಗೊತ್ತಾಗಿಹೋಗಿತ್ತು. ಮೇಷ್ಟ್ರು ಹೇಳಿದ ಹಾಗೆ ಕೂತು ಕಲಿತೆ. ಬೆಳಿಗ್ಗೆ ನೀನು ಇನ್ನೂ ಮಲಗಿರೋವಾಗ್ಲೇ ಹೋಗಿಬರ್ತಿದ್ದೆ." ಸ್ವಲ್ಪ ನಡೆದು ಮತ್ತೆ ಹೇಳಿದಳು. "ಒಂಬತ್ತರ ಮೇಲೆ ಎಕ್ಸ್, ಇಪ್ಪತ್ತೇಳು. ಎರಡೂ ಕಡೆ ಕೆಳಗೆ ಮೂರು ಮಾಡಿಕೊಂಡೆ. ಒಂದೂವರೆ ಬಂತು. ಕೈ ನಿಂತೇ ಹೋಯ್ತು. ಅರ್ಧ ಮಡಿಕೆ ಎಲ್ಲಿದೆ ಅಂತ. ಆಮೇಲೆ, ಇದು ಕಾಗದ ಅಲ್ಲ ಕಣೆ, ಬರೀ ಅಂಕಿ ಅಂತ ನನಗೆ ನಾನೇ ಹೇಳ್ಕೊಂಡು ವೃತ್ತ ತುಂಬಿದೆ."

ಇದನ್ನು ಅವಳು ಸಂತೋಷದಿಂದ ಹೇಳಲಿಲ್ಲ. ಏನನ್ನೋ ಕದ್ದವಳಂತೆ ಹೇಳಿದಳು. ನಾನು ಉಳಿದ ಪ್ರಶ್ನೆಗಳನ್ನೂ ಕೆದಕಿ ಕೆದಕಿ ಕೇಳಿ ಬಾಯಿಪಾಠ ಮಾಡಿಕೊಂಡೆ.

ಅಪ್ಪ ಅಂಗಡಿಯ ಮೆಟ್ಟಿಲ ಮೇಲೇ ನಿಂತಿದ್ದರು. ಹೇಗಾಯಿತು ಎಂದು ಕೇಳಲಿಲ್ಲ. "ಹಾಳೆ ಲೆಕ್ಕ ಕೈಕೊಡಲಿಲ್ಲ ತಾನೇ?" ಎಂದು ಕೇಳಿದರು.

ಅಕ್ಕ ಅವರ ಮುಖ ನೋಡಿದಳು. "ಎಲ್ಲಾ ಹಾಳೆ ಲೆಕ್ಕದಲ್ಲೇ ಮಾಡಿದೆ ಅಪ್ಪಾ" ಎಂದಳು. "ಅದಿಲ್ಲದೆ ಇದ್ರೆ ಮುಗೀತಿತ್ತು."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಅಕ್ಕ ಒಳಗೆ ಕಾಲು ತೊಳೆಯಲು ಹೋದಳು. ಅಪ್ಪ ಮತ್ತೆ ಹೊಲಿಯಲು ಕೂತು, "ಏನೇನು ಕೇಳಿದ್ರಂತೆ?" ಎಂದು ನನ್ನನ್ನು ಕೇಳಿದರು. ನನಗೆ ನನ್ನ ಜ್ಞಾಪಕಶಕ್ತಿಯ ಮೇಲೆ ಯಾವಾಗಲೂ ಹೆಮ್ಮೆ. ಮೂರರ ಮೇಲೆ ಎಕ್ಸ್ ಎಂಬತ್ತೊಂದು, ನಾಲ್ಕು ಬಂತು. ಐದರ ಮೇಲೆ ಎಕ್ಸ್ ನೂರಿಪ್ಪತ್ತೈದು, ಮೂರು ಬಂತು. ಒಂಬತ್ತರದ್ದು ಇಪ್ಪತ್ತೇಳು, ಒಂದೂವರೆ ಬಂತು. ಹೀಗೆ ಗಿಳಿಯಂತೆ ಒಪ್ಪಿಸಿದೆ. ಅಪ್ಪನ ದಬ್ಬಳ ಒಂದು ಗಳಿಗೆ ನಿಂತಿತು. "ಒಂದೂವರೆ" ಎಂದರು. "ಹೂಂ, ಒಂದೂವರೆ" ಎಂದೆ. "ಸರಿ ಸರಿ" ಎಂದು ದಾರ ಎಳೆದುಕೊಂಡರು.

ಅಕ್ಕ ಪಾಸಾದಳು. ಆ ದಿನ ಬೀದಿಯಲ್ಲಿ ಅಪ್ಪನ ಬಾಯಿಗೆ ಬೀಗವಿರಲಿಲ್ಲ. ಹಾಲಿನವನಿಗೆ, ಗುಮಾಸ್ತರಿಗೆ, ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ, ಎಲ್ಲರಿಗೂ ಒಂದೇ ಮಾತು. "ನಮ್ಮ ಹಾಳೆ ಲೆಕ್ಕ ನೋಡಿ. ಇಡೀ ಪರೀಕ್ಷೆನ ಅದರಲ್ಲೇ ದಾಟಿದ್ಲು." ಸೊನ್ನೆ ಮೇಷ್ಟ್ರು ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಅವರಿಗೆ ನಿಜ ಗೊತ್ತಿತ್ತು. ಎದ್ದು ಬಂದು ಅಪ್ಪನ ಕೈ ಕುಲುಕಿ, "ನನ್ನಿಂದಾಗದ್ದು ನಿಮ್ಮಿಂದಾಯ್ತು" ಎಂದರು. ಆಮೇಲೆ ನಾನು ಅವರನ್ನು ಸೊನ್ನೆ ಎಂದು ಕರೆಯುವುದನ್ನು ಬಿಟ್ಟೆ.

ಅಕ್ಕ ತರಬೇತಿಗೆ ಹೋದ ಮೇಲೆ ಆ ಸ್ಟೂಲಿನ ಮೇಲೆ ನಾನು ಕೂತೆ, ಶಾಲೆಯಿಂದ ಬಂದ ಮೇಲೆ ಮಾತ್ರ. ಶಾಲೆ ಬಿಡುವ ಮಾತೆತ್ತಿದರೆ ಅಪ್ಪ ರಟ್ಟು ಎತ್ತಿಕೊಂಡು ಹೊಡೆಯಲು ಬರುತ್ತಿದ್ದರು. ನನ್ನ ಮಡಿಕೆ ಸೊಟ್ಟ, ಉಜ್ಜುವುದು ಒರಟು. ಅಕ್ಕ ರಜೆಯಲ್ಲಿ ಬಂದರೆ ಬಿಸಿಲಿಗೆ ಕಪ್ಪಾಗಿರುತ್ತಿದ್ದಳು. ದೂರದೂರದ ಬಯಲುಗಳ ಹೆಸರು ಹೇಳುತ್ತಿದ್ದಳು, ನನ್ನ ಮಡಿಕೆಗಳನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈಗ ನೆನೆಸಿಕೊಂಡರೆ, ಆ ಸಂಜೆಗಳ ಬೆಳಕು, ಮೂಳೆಪಟ್ಟಿಯ ಸರಕ್ ಸದ್ದು, ಅವರಿಬ್ಬರ ನಡುವೆ ನನ್ನ ಚಿಕ್ಕ ಜಾಗ, ಇದಕ್ಕಿಂತ ಹೆಚ್ಚಿನದನ್ನು ನಾನು ಆಮೇಲೆ ಎಲ್ಲೂ ಪಡೆಯಲಿಲ್ಲ ಎನಿಸುತ್ತದೆ.

ಕೆಲವು ವರ್ಷಗಳ ಮೇಲೆ ನನ್ನ ಸರದಿ ಬಂತು. ನನ್ನದು ಬೇರೆ ಕೋರ್ಸು, ಆದರೆ ಪರೀಕ್ಷೆ ಅಂಥದ್ದೇ. ಅವೇ ವೃತ್ತಗಳು, ಅದೇ ಎಕ್ಸು. ನಾನು ಕಾಗದ ತೆಗೆದುಕೊಂಡು ಅಪ್ಪನ ಮುಂದೆ ಕೂತೆ. "ನನಗೂ ಹಾಳೆ ಲೆಕ್ಕ ಹೇಳ್ಕೊಡಿ. ಅಕ್ಕನಿಗೊಂದು ನನಗೊಂದು ಮಾಡ್ಬೇಡಿ" ಎಂದೆ. ಸುಳ್ಳೇ ಕೇಳಿದೆ, ಅವರಿಗೆ ಖುಷಿಯಾಗಲಿ ಎಂದು.

ಅಪ್ಪ ನನ್ನ ಕೈಯಿಂದ ಕಾಗದ ತೆಗೆದು ಪಕ್ಕಕ್ಕಿಟ್ಟರು. "ಮೇಷ್ಟ್ರ ಹತ್ರ ಹೋಗು. ನಿನ್ನಕ್ಕ ಪಾಸಾಗಿದ್ದೂ ಅವರ ಲೆಕ್ಕದಲ್ಲೇ" ಎಂದರು.

"ನಿಮಗೆ ಯಾರು ಹೇಳಿದ್ರು?" ಎಂದೆ.

"ಅವತ್ತು ನೀನೇ ಒಪ್ಪಿಸಿದೆಯಲ್ಲ. ಮೂರು, ಐದು, ಒಂಬತ್ತು. ಒಂದೂವರೆ ಬಂತಂತೆ. ಇಷ್ಟು ಕಾಲ ಕಾಗದ ಮಡಿಸಿದವನಿಗೆ ಅಷ್ಟೂ ಗೊತ್ತಾಗಲ್ವೇನೇ? ಅದರಲ್ಲಿ ಹಾಳೆ ಎಲ್ಲಿತ್ತು?" ಅಪ್ಪ ನಕ್ಕರು. ಕಣ್ಣು ತುಂಬಿತ್ತು. "ಪಾಪ, ಮುದುಕನಿಗೆ ಬೇಜಾರಾಗಬಾರದು ಅಂತ ಹಾಗಂದ್ಲು."

"ಮತ್ತೆ ಬೀದಿಯೆಲ್ಲ ಹೇಳ್ಕೊಂಡು ಬಂದ್ರಿ?"

"ಅವಳು ಕೇಳಿಸ್ಕೋಬೇಕಲ್ಲ. ನಾನು ನಂಬಿದೀನಿ ಅಂತ ಅವಳಿಗೆ ಗೊತ್ತಾಗಬೇಕಲ್ಲ. ನನಗೆ ಗೊತ್ತು ಅಂದುಬಿಟ್ರೆ, ಅವಳು ಕೊಟ್ಟಿದ್ದನ್ನ ವಾಪಸ್ ಕೊಟ್ಟ ಹಾಗಾಗುತ್ತೆ. ನೀನು ಬಾಯಿಬಡುಕಿ. ಆದ್ರೂ ಇದೊಂದನ್ನ ಹೊಟ್ಟೇಲಿ ಇಟ್ಕೋ."

ಇಟ್ಟುಕೊಂಡೆ. ಅಪ್ಪ ತೀರಿಕೊಂಡರು, ಅಂಗಡಿಯ ಜಾಗದಲ್ಲಿ ಈಗ ಕನ್ನಡಕದ ಅಂಗಡಿಯಿದೆ. ಅಕ್ಕ ಊರೂರಿನ ನೆಲ ಅಳೆದು ನಿವೃತ್ತಳಾಗಿದ್ದಾಳೆ. ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಊಟವಾದ ಮೇಲೆ ಇಬ್ಬರೇ ಕೂತಿದ್ದೆವು. ಏನೋ ಬಹಳ ದಿನದಿಂದ ಕೇಳಬೇಕೆಂದಿದ್ದವಳಂತೆ ನನ್ನ ಹತ್ತಿರ ಸರಿದಳು.

"ನೀನು ಕೊನೇವರೆಗೂ ಅಪ್ಪನ ಜೊತೆಗಿದ್ದವಳು. ನಿಜ ಹೇಳು. ನಾನು ಹಾಳೆ ಲೆಕ್ಕದಲ್ಲಿ ಪಾಸಾಗ್ಲಿಲ್ಲ ಅಂತ ಅವರಿಗೆ ಯಾವತ್ತಾದ್ರೂ ಅನುಮಾನ ಬಂದಿತ್ತಾ? ಗೊತ್ತಾಗಿದ್ರೆ ಎಷ್ಟು ನೊಂದ್ಕೊಂಡಿರ್ತಿದ್ರೋ. ಅದೊಂದು ಯೋಚನೆ ನನ್ನನ್ನ ಈಗ್ಲೂ ಬಿಡಲ್ಲ."

ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಮಾತ್ರ, ಮೆಟ್ಟಿಲ ಮೇಲೆ ಅಪ್ಪನ ಮುಂದೆ ನಿಂತವಳದೇ.

"ಇಲ್ಲ ಕಣೆ ಅಕ್ಕಾ" ಎಂದೆ. "ಕೊನೇವರೆಗೂ ಬಂದೋರಿಗೆಲ್ಲ ಅದನ್ನೇ ಹೇಳ್ತಿದ್ರು."

"ಸದ್ಯ" ಎಂದು ಅವಳು ನಿಟ್ಟುಸಿರು ಬಿಟ್ಟು ಕನ್ನಡಕ ತೆಗೆದು ಒರೆಸಿಕೊಂಡಳು.